ವ್ಯಾಪಾರ ಸಂಸ್ಥೆಯ ಜಾಲತಾಣದಲ್ಲಿ ಫೀಡ್: ಕೊಡುವ ಕ್ರಮ, ಪಡೆಯುವ ಕ್ರಮ

ಸಣ್ಣ ಮತ್ತು ಮಧ್ಯಮ ಗಾತ್ರದ ವ್ಯಾಪಾರ ಸಂಸ್ಥೆಯ ಜಾಲತಾಣದಲ್ಲಿ ಎರಡು ಬಗೆಯ ಮಾಹಿತಿ ಇರುತ್ತದೆ. ಸಂಸ್ಥೆಯ ಪರಿಚಯ, ವಿಳಾಸ, ಮಾರಾಟದ ನಿಯಮಗಳು ಮೊದಲಾದವು ಒಮ್ಮೆ ಬರೆದರೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ. ಹೊಸದಾಗಿ ಬಂದ ಸರಕು, ಬದಲಾದ ಬೆಲೆ, ರಜೆಯ ಪ್ರಕಟಣೆ, ಗಿರಾಕಿಗಳಿಗೆ ಬೇಕಾದ ತಿಳಿವಳಿಕೆಯ ಬರಹ ಇವು ಆಗಾಗ ಬದಲಾಗುತ್ತಲೇ ಇರುತ್ತವೆ. ಈ ಎರಡನೆಯ ಬಗೆಯ ಮಾಹಿತಿಯನ್ನು ಜನ ಓದುವ ಪುಟದ ರೂಪದಲ್ಲಿ ಮಾತ್ರವಲ್ಲದೆ, ಇನ್ನೊಂದು ತಂತ್ರಾಂಶ ತಾನಾಗಿಯೇ ಓದಿ ತಿಳಿಯಬಲ್ಲ ಕಡತದ ರೂಪದಲ್ಲೂ ಪ್ರಕಟಿಸುವ ಪದ್ಧತಿಗೆ ಫೀಡ್ ಎಂದು ಹೆಸರು. ಫೀಡ್ ಎಂಬುದು ಒಂದು ಖಾಯಂ ವಿಳಾಸದಲ್ಲಿರುವ ಕಡತ. ಅದರಲ್ಲಿ ಇತ್ತೀಚಿನ ಬರಹಗಳು ಅಥವಾ ಸರಕುಗಳು ದಿನಾಂಕ, ಶೀರ್ಷಿಕೆ, ಸಾರಾಂಶ, ಕೊಂಡಿಗಳ ಸಮೇತ ಜೋಡಣೆಯಾಗಿರುತ್ತವೆ. ಬೇಕಾದವರ ತಂತ್ರಾಂಶ ಆ ವಿಳಾಸಕ್ಕೆ ಆಗಾಗ ಬಂದು ಹೊಸದೇನಿದೆ ಎಂದು ನೋಡಿಕೊಂಡು ಹೋಗುತ್ತದೆ.

ಫೀಡಿನ ಬಳಕೆಗೆ ಎರಡು ದಿಕ್ಕುಗಳುಂಟು. ಸಂಸ್ಥೆ ತನ್ನ ಮಾಹಿತಿಯನ್ನು ಫೀಡಾಗಿ ಹೊರಗೆ ಕೊಡುವುದು ಒಂದು. ಬೇರೆಯವರ ಫೀಡನ್ನು ತನ್ನ ಪುಟಕ್ಕೆ ತಂದು ತೋರಿಸುವುದು ಇನ್ನೊಂದು. ವ್ಯಾಪಾರಿಗಳಿಗೆ ಸಾಮಾನ್ಯವಾಗಿ ಮೊದಲು ಹೊಳೆಯುವುದು ಎರಡನೆಯದು, ಏಕೆಂದರೆ ಖಾಲಿ ಕಾಣುವ ಮುಖಪುಟವನ್ನು ಖರ್ಚಿಲ್ಲದೆ ತುಂಬುವ ಉಪಾಯವಾಗಿ ಅದು ತೋರುತ್ತದೆ. ಆದರೆ ವ್ಯಾಪಾರಕ್ಕೆ ನಿಜವಾಗಿ ಒದಗಿಬರುವುದು ಕೊಡುವ ಫೀಡೇ. ತರುವ ಫೀಡಿಗೆ ಸ್ಥಾನವಿದೆಯಾದರೂ ಅದು ಕಿರಿದಾದುದು, ಜವಾಬ್ದಾರಿಯಿಂದ ಕೂಡಿದುದು. ಈ ಲೇಖನ ಆ ಕ್ರಮದಲ್ಲೇ ಸಾಗುತ್ತದೆ.

ಹುಟ್ಟು ಮತ್ತು ರೂಪಗಳು

ಇಂದು ಬಳಕೆಯಲ್ಲಿರುವ ಫೀಡುಗಳ ಮೂಲ 1999ರ ಮಾರ್ಚ್ ತಿಂಗಳದು. ಓದುಗರು ತಮಗೆ ಬೇಕಾದ ಸುದ್ದಿ ಮೂಲಗಳನ್ನು ಆರಿಸಿಕೊಂಡು ಒಂದೇ ಪುಟದಲ್ಲಿ ನೋಡುವಂತೆ ‘ಮೈ ನೆಟ್‌ಸ್ಕೇಪ್’ ಎಂಬ ತಾಣವನ್ನು ರೂಪಿಸಿದ್ದ ನೆಟ್‌ಸ್ಕೇಪ್ ಕಂಪನಿ, ಅದಕ್ಕಾಗಿ ಆರ್‌ಎಸ್‌ಎಸ್ ಎಂಬ ಕಡತ ವಿನ್ಯಾಸವನ್ನು ಹೊರತಂದಿತು. ಅದನ್ನು ರೂಪಿಸಿದವರಲ್ಲಿ ಐಐಟಿ ಮದ್ರಾಸ್‌ನಲ್ಲಿ ಓದಿದ ರಾಮನಾಥನ್ ಗುಹಾ ಪ್ರಮುಖರು. ಬಳಿಕ ಡೇವ್ ವೈನರ್ ಅವರ ಕೈಯಲ್ಲಿ ಬೆಳೆದ ಆರ್‌ಎಸ್‌ಎಸ್ 2.0 ಆವೃತ್ತಿ 2002ರಲ್ಲಿ ಬಂದಿತು. ಅದರ ನಿಯಮಗಳಲ್ಲಿ ಕೆಲವು ಅಸ್ಪಷ್ಟವಾಗಿದ್ದುದರಿಂದ, ಅಂತರ್ಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ 2005ರ ಡಿಸೆಂಬರ್‌ನಲ್ಲಿ ‘ಆಟಮ್’ ಎಂಬ ಇನ್ನೊಂದು ವಿನ್ಯಾಸವನ್ನು ಪ್ರಕಟಿಸಿತು. ಈ ಎರಡೂ ಎಕ್ಸ್‌ಎಂಎಲ್ ಎಂಬ ಗುರುತುಭಾಷೆಯಲ್ಲಿರುತ್ತವೆ, ಎಂದರೆ ಪ್ರತಿಯೊಂದು ತುಣುಕು ಮಾಹಿತಿಯೂ ಅದೇನೆಂದು ಹೇಳುವ ಹೆಸರಪಟ್ಟಿಯ ನಡುವೆ ಕೂತಿರುತ್ತದೆ. 2017ರಲ್ಲಿ ಜೇಸನ್ ಫೀಡ್ ಎಂಬ ಮೂರನೆಯದೂ ಬಂದಿದೆ. ವ್ಯಾಪಾರ ಸಂಸ್ಥೆಗೆ ಇವುಗಳ ನಡುವಣ ಆಯ್ಕೆ ದೊಡ್ಡ ಪ್ರಶ್ನೆಯೇನಲ್ಲ. ತಾಣವನ್ನು ನಡೆಸುತ್ತಿರುವ ತಂತ್ರಾಂಶ ಯಾವುದನ್ನು ತಾನಾಗಿ ಹೊರಡಿಸುತ್ತದೋ ಅದನ್ನೇ ಬಳಸಿದರೆ ಸಾಕು. ವರ್ಡ್‌ಪ್ರೆಸ್‌ನಲ್ಲಿ ತಾಣದ ವಿಳಾಸದ ಕೊನೆಗೆ ‘ಫೀಡ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಆರ್‌ಎಸ್‌ಎಸ್ ಕಡತ ತೆರೆದುಕೊಳ್ಳುತ್ತದೆ. ಶಾಪಿಫೈ ಅಂಗಡಿಗಳ ಬರಹ ವಿಭಾಗ ಆಟಮ್ ಕಡತವನ್ನು ಕೊಡುತ್ತದೆ. ಅನೇಕ ಸಂಸ್ಥೆಗಳ ತಾಣದಲ್ಲಿ ಫೀಡ್ ಈಗಾಗಲೇ ಇದ್ದು, ಅದು ಇದೆಯೆಂಬುದೇ ಮಾಲೀಕರಿಗೆ ತಿಳಿದಿರುವುದಿಲ್ಲ.

ಕಡತದ ಒಳಗೆ

ಚಿಕ್ಕಮಗಳೂರಿನಲ್ಲಿ ಕಾಫಿಬೀಜ ಹುರಿದು, ಪುಡಿ ಮಾಡಿ, ಅಂಚೆ ಮತ್ತು ಕೊರಿಯರ್ ಮೂಲಕ ಊರೂರಿಗೆ ಕಳಿಸುವ ಒಂದು ಸಣ್ಣ ಸಂಸ್ಥೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅದರ ಫೀಡ್ ಕಡತದ ತಲೆಭಾಗದಲ್ಲಿ ಒಟ್ಟು ವಾಹಿನಿಯ ವಿವರ ಇರಬೇಕು: ಹೆಸರು, ತಾಣದ ಕೊಂಡಿ, ಒಂದೆರಡು ಸಾಲಿನ ವಿವರಣೆ. ಆರ್‌ಎಸ್‌ಎಸ್ 2.0 ಈ ಮೂರನ್ನು ಕಡ್ಡಾಯ ಮಾಡಿದೆ. ಅದರ ಕೆಳಗೆ ಒಂದೊಂದು ಬರಹಕ್ಕೆ ಒಂದೊಂದು ಬಾಬ್ತು ಬರುತ್ತದೆ. ‘ಈ ಸಲದ ಅರೇಬಿಕಾ ಪಾರ್ಚ್‌ಮೆಂಟ್ ಬೀಜ ಬಂದಿದೆ’ ಎಂಬುದು ಒಂದು ಬಾಬ್ತು, ‘ಫಿಲ್ಟರ್ ಕಾಫಿಗೆ ಚಿಕೋರಿ ಎಷ್ಟು ಬೆರೆಸಬೇಕು’ ಎಂಬುದು ಇನ್ನೊಂದು. ಪ್ರತಿ ಬಾಬ್ತಿಗೂ ಶೀರ್ಷಿಕೆ, ಮೂಲ ಬರಹದ ಕೊಂಡಿ, ಸಾರಾಂಶ, ಪ್ರಕಟವಾದ ದಿನಾಂಕ, ಮತ್ತು ಗುರುತುಸಂಖ್ಯೆಯೊಂದು ಇರುತ್ತದೆ.

ಇವುಗಳಲ್ಲಿ ಹೆಚ್ಚಿನವರು ಕಡೆಗಣಿಸುವುದು ಗುರುತುಸಂಖ್ಯೆಯನ್ನು, ಅತಿ ಹೆಚ್ಚು ತೊಂದರೆ ಕೊಡುವುದೂ ಅದೇ. ಓದುಗರ ತಂತ್ರಾಂಶ ಯಾವ ಬಾಬ್ತನ್ನು ಈಗಾಗಲೇ ತೋರಿಸಿದೆ, ಯಾವುದನ್ನು ತೋರಿಸಿಲ್ಲ ಎಂದು ನಿರ್ಧರಿಸುವುದು ಈ ಸಂಖ್ಯೆಯಿಂದ. ಒಂದು ಬರಹದ ಶೀರ್ಷಿಕೆಯಲ್ಲಿನ ಅಕ್ಷರದೋಷ ತಿದ್ದಿದಾಗ ಅದರ ಗುರುತುಸಂಖ್ಯೆಯೂ ಬದಲಾಗುವಂತೆ ತಾಣವನ್ನು ರೂಪಿಸಿದ್ದರೆ, ಹಳೆಯ ಬರಹ ಹೊಸದೆಂಬಂತೆ ಎಲ್ಲ ಚಂದಾದಾರರಿಗೂ ಮತ್ತೊಮ್ಮೆ ತಲುಪುತ್ತದೆ. ತಾಣವನ್ನು ಹೊಸ ವಿಳಾಸಕ್ಕೆ ಸಾಗಿಸಿದಾಗಲಂತೂ ಫೀಡಿನಲ್ಲಿರುವ ಅಷ್ಟೂ ಬರಹಗಳು ಒಟ್ಟಿಗೆ ಬಂದು ಬೀಳುತ್ತವೆ. ಆದ್ದರಿಂದ ಗುರುತುಸಂಖ್ಯೆ ಒಮ್ಮೆ ಕೊಟ್ಟರೆ ಕೊಟ್ಟದ್ದೇ, ಅದು ಎಂದೂ ಬದಲಾಗಬಾರದು.

ದಿನಾಂಕದ ವಿಷಯದಲ್ಲೂ ಎಚ್ಚರ ಬೇಕು. ಆರ್‌ಎಸ್‌ಎಸ್‌ನಲ್ಲಿ ದಿನಾಂಕವನ್ನು ಇ-ಮೇಲ್ ವ್ಯವಸ್ಥೆಯ ಹಳೆಯ ಮಾನಕದಂತೆ, ವಾರ ಮತ್ತು ತಿಂಗಳುಗಳ ಮೂರಕ್ಷರದ ಇಂಗ್ಲಿಷ್ ಸಂಕ್ಷಿಪ್ತ ರೂಪದಲ್ಲಿ ಬರೆದು, ಕೊನೆಗೆ ಸಮಯವಲಯವನ್ನು ಸೂಚಿಸಬೇಕು. ಭಾರತದ ಸಮಯಕ್ಕೆ ಅದು +0530. ತಾಣದ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗ ದಿನಾಂಕವೂ ‘ಮಂಗಳವಾರ, ಜನವರಿ’ ಎಂದು ಕನ್ನಡದಲ್ಲಿ ಹೊರಡುವಂತಾದರೆ, ಪುಟದಲ್ಲಿ ಅದು ಸರಿಯಾದ ಕ್ರಮವೇ ಆದರೂ ಫೀಡಿನಲ್ಲಿ ಯಾವ ತಂತ್ರಾಂಶಕ್ಕೂ ಅರ್ಥವಾಗದು. ಸಮಯ ಭಾರತದ್ದು, ಸಮಯವಲಯ ಮಾತ್ರ +0000 ಎಂದಿದ್ದರೆ ಬರಹ ಐದೂವರೆ ಗಂಟೆ ಮುಂದಿನದೆಂದು ತೋರುತ್ತದೆ. ಭವಿಷ್ಯದ ದಿನಾಂಕವಿರುವ ಬಾಬ್ತುಗಳನ್ನು ಕೆಲವು ತಂತ್ರಾಂಶಗಳು ಮರೆಮಾಡುವುದರಿಂದ ಬೆಳಿಗ್ಗೆ ಹಾಕಿದ ಪ್ರಕಟಣೆ ಮಧ್ಯಾಹ್ನದವರೆಗೆ ಕಾಣದೇ ಹೋಗಬಹುದು.

ಕೊಡುವ ಫೀಡ್

ಫೀಡನ್ನು ಚಂದಾ ಪಡೆದು ಓದುವ ಓದುಗರ ಸಂಖ್ಯೆ ಒಂದು ಕಾಲಕ್ಕೆ ಇದ್ದಷ್ಟು ಈಗಿಲ್ಲ ಎಂಬುದು ನಿಜ. ಬಹಳ ಜನ ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತುಹೋಯಿತು. ಆದರೆ ಫೀಡನ್ನು ಇಂದು ಹೆಚ್ಚಾಗಿ ಓದುತ್ತಿರುವುದು ಜನರಲ್ಲ, ತಂತ್ರಾಂಶಗಳು. ಹೊಸ ಬರಹ ಬಂದೊಡನೆ ಚಂದಾದಾರರಿಗೆ ಇ-ಮೇಲ್ ಕಳಿಸುವ ಮೇಲ್‌ಚಿಂಪ್‌ನಂಥ ಸೇವೆಗಳು, ಸುದ್ದಿಯನ್ನು ಒಂದೆಡೆ ಸೇರಿಸುವ ಆ್ಯಪ್‌ಗಳು, ಸರಕುಗಳನ್ನು ಪಟ್ಟಿ ಮಾಡುವ ಮಾರುಕಟ್ಟೆಗಳು, ಪಾಡ್‌ಕಾಸ್ಟ್ ಕೇಳಿಸುವ ಆ್ಯಪ್‌ಗಳು ಎಲ್ಲವೂ ಒಳಗೆ ಫೀಡನ್ನೇ ಆಶ್ರಯಿಸಿವೆ. ಶೋಧಯಂತ್ರಗಳೂ ಹಾಗೆಯೇ: ತಾಣದ ಪುಟಗಳ ಪಟ್ಟಿಯನ್ನು ಕೊಡುವ ಸೈಟ್‌ಮ್ಯಾಪ್ ಎಂಬ ಕಡತದ ಜಾಗದಲ್ಲಿ ಆರ್‌ಎಸ್‌ಎಸ್ ಅಥವಾ ಆಟಮ್ ಫೀಡನ್ನೂ ಗೂಗಲ್ ಸ್ವೀಕರಿಸುತ್ತದೆ. ಪೂರ್ಣ ಸೈಟ್‌ಮ್ಯಾಪ್ ತಾಣದ ಎಲ್ಲ ಪುಟಗಳನ್ನು ತಿಳಿಸುತ್ತದೆ, ಫೀಡ್ ಇತ್ತೀಚೆಗೆ ಬದಲಾದವನ್ನು ತಿಳಿಸುತ್ತದೆ. ಎರಡೂ ಜೊತೆಗಿದ್ದರೆ ಒಳ್ಳೆಯದು.

ಫೀಡ್ ಇದೆಯೆಂದು ತಂತ್ರಾಂಶಗಳಿಗೆ ತಿಳಿಯುವುದಕ್ಕೆ ತಾಣದ ಪ್ರತಿ ಪುಟದ ಶಿರೋಭಾಗದಲ್ಲಿ, ಓದುಗರಿಗೆ ಕಾಣದ ಸಂಕೇತಗಳ ನಡುವೆ, ಫೀಡಿನ ವಿಳಾಸವನ್ನು ಪರ್ಯಾಯ ರೂಪವೆಂದು ಘೋಷಿಸುವ ಒಂದು ಸಾಲು ಇರಬೇಕು. ಆ ಸಾಲಿದ್ದರೆ ಓದುಗರು ತಾಣದ ಹೆಸರನ್ನಷ್ಟೇ ತಮ್ಮ ಫೀಡ್ ಆ್ಯಪ್‌ಗೆ ಕೊಟ್ಟರೆ ಸಾಕು, ಉಳಿದುದನ್ನು ಆ್ಯಪ್ ಹುಡುಕಿಕೊಳ್ಳುತ್ತದೆ. ಜನರಿಗೆ ಕಾಣುವಂತೆ ಕಿತ್ತಳೆ ಬಣ್ಣದ ಫೀಡ್ ಚಿಹ್ನೆಯನ್ನು ಪುಟದ ಅಡಿಯಲ್ಲಿಡುವುದೂ ರೂಢಿ.

ಬರಹವನ್ನು ಪೂರ್ತಿಯಾಗಿ ಫೀಡಿನಲ್ಲಿ ಕೊಡಬೇಕೋ, ಸಾರಾಂಶವನ್ನಷ್ಟೇ ಕೊಡಬೇಕೋ ಎಂಬುದು ಹಳೆಯ ಚರ್ಚೆ. ಜಾಹೀರಾತಿನಿಂದ ಬದುಕುವ ಸುದ್ದಿತಾಣಕ್ಕೆ ಓದುಗರು ತನ್ನ ಪುಟಕ್ಕೇ ಬರುವುದು ಮುಖ್ಯ, ಹಾಗಾಗಿ ಅದು ಸಾರಾಂಶಕ್ಕೆ ನಿಲ್ಲುವುದು ಸಹಜ. ಕಾಫಿಪುಡಿ ಮಾರುವ ಸಂಸ್ಥೆಯ ಆದಾಯ ಪುಟದ ಜಾಹೀರಾತಿನಿಂದ ಬರುವುದಲ್ಲ. ಅದರ ಬರಹವನ್ನು ಗಿರಾಕಿ ಎಲ್ಲಿ ಓದಿದರೂ ಸಂಸ್ಥೆಯ ಹೆಸರು ನೆನಪಿನಲ್ಲಿ ಉಳಿಯುವುದಷ್ಟೇ ಅದಕ್ಕೆ ಬೇಕು. ಆದ್ದರಿಂದ ಇಂಥ ಸಂಸ್ಥೆಗಳು ಪೂರ್ಣ ಬರಹವನ್ನೇ ಕೊಡುವುದು ಲೇಸು. ಪೂರ್ಣ ಫೀಡನ್ನು ನಕಲು ಮಾಡಿ ತಮ್ಮದೆಂಬಂತೆ ಹಾಕಿಕೊಳ್ಳುವ ತಾಣಗಳಿವೆ ಎಂಬ ಭಯವಿದ್ದರೆ, ಪ್ರತಿ ಬಾಬ್ತಿನ ಕೊನೆಗೆ ಸಂಸ್ಥೆಯ ಹೆಸರು ಮತ್ತು ಮೂಲ ಬರಹದ ಪೂರ್ಣ ಕೊಂಡಿ ತಾನಾಗಿ ಸೇರುವಂತೆ ಮಾಡಬಹುದು. ನಕಲಿನಲ್ಲೂ ಆ ಸಾಲು ಉಳಿದುಬರುತ್ತದೆ.

ಫೀಡಿಗೆ ಇನ್ನೊಂದು ಗುಣವಿದೆ. ಅದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಇ-ಮೇಲ್ ಪಟ್ಟಿಗೆ ಸೇರಲು ಗಿರಾಕಿ ತನ್ನ ವಿಳಾಸ ಕೊಡಬೇಕು, ವಾಟ್ಸ್‌ಆ್ಯಪ್ ಗುಂಪಿಗೆ ಸೇರಲು ಫೋನ್ ನಂಬರ್ ಕೊಡಬೇಕು. ಫೀಡಿಗೆ ಚಂದಾ ಆಗಲು ಏನನ್ನೂ ಕೊಡಬೇಕಿಲ್ಲ, ಬೇಡವೆನಿಸಿದರೆ ಯಾರನ್ನೂ ಕೇಳದೆ ಬಿಡಬಹುದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿರುವಾಗ, ಗಿರಾಕಿಯ ಮಾಹಿತಿಯನ್ನು ಕೂಡಿಟ್ಟುಕೊಳ್ಳದೆಯೇ ಅವರಿಗೆ ಸುದ್ದಿ ಮುಟ್ಟಿಸುವ ಇಂಥ ದಾರಿ ಸಂಸ್ಥೆಗೂ ಹೊರೆ ಕಡಿಮೆ ಮಾಡುತ್ತದೆ.

ಕನ್ನಡ ಫೀಡಿನ ವಿಶೇಷ ತೊಡಕುಗಳು

ಫೀಡ್ ತಯಾರಿಸುವ ತಂತ್ರಾಂಶಗಳು ಬಹುಮಟ್ಟಿಗೆ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವಾದ್ದರಿಂದ, ಕನ್ನಡದಲ್ಲಿ ಬರೆಯುವ ಸಂಸ್ಥೆಗಳು ಕೆಲವು ಸಂಗತಿಗಳನ್ನು ತಾವೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಮೊದಲನೆಯದು ಅಕ್ಷರಸಂಕೇತ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಪಠ್ಯ ಒಳಗಿನಿಂದ ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿಯೇ ಉಳಿದು, ಫಾಂಟಿನ ಬಲದಿಂದ ಮಾತ್ರ ಕನ್ನಡವಾಗಿ ಕಾಣುತ್ತಿತ್ತು. ಅಂಥ ಪಠ್ಯವನ್ನು ಜಾಲತಾಣದಲ್ಲಿ ಹಾಕಿ, ಜೊತೆಗೆ ಫಾಂಟನ್ನೂ ಕಳಿಸಿದರೆ ಪುಟದಲ್ಲಿ ಓದಬಹುದು. ಆದರೆ ಫೀಡ್ ಪಠ್ಯವನ್ನಷ್ಟೇ ಒಯ್ಯುತ್ತದೆ, ಫಾಂಟನ್ನು ಒಯ್ಯುವುದಿಲ್ಲವಾದ್ದರಿಂದ ಓದುಗರ ಕೈಗೆ ಸಿಗುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಳೆಯ ಕ್ಯಾಟಲಾಗ್ ಅಥವಾ ಕರಪತ್ರದ ಕಡತದಿಂದ ಬರಹವನ್ನು ಎತ್ತಿಕೊಳ್ಳುವಾಗ ಅದನ್ನು ಯುನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ಬದಲಿಸಿಲ್ಲವೆಂದು ಓದಿ ನೋಡಬೇಕು.

ಎರಡನೆಯದು ಸಾರಾಂಶ ಕತ್ತರಿಸುವ ರೀತಿ. ಯುಟಿಎಫ್-8 ಎಂಬುದು ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮ. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟು ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು. ‘ಕಾಫಿ’ ಎಂಬ ಎರಡಕ್ಷರದ ಪದದಲ್ಲಿ ಕಕಾರ, ದೀರ್ಘದ ಗುರುತು, ಫಕಾರ, ಗುಡಿಸು ಹೀಗೆ ನಾಲ್ಕು ಸಂಕೇತಗಳಿದ್ದು, ಅದು 12 ಬೈಟುಗಳನ್ನು ಹಿಡಿಯುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ, 18 ಬೈಟು. ಸಾರಾಂಶವನ್ನು ಇಷ್ಟು ಬೈಟಿಗೆ ಕತ್ತರಿಸು ಎಂದು ಬರೆದ ತಂತ್ರಾಂಶ ಕನ್ನಡದಲ್ಲಿ ಒಂದು ಸಂಕೇತದ ನಟ್ಟನಡುವೆ ಕತ್ತರಿಸುವ ಸಂಭವ ಹೆಚ್ಚು. ಪುಟದಲ್ಲಿ ಹಾಗಾದರೆ ಕೊನೆಗೊಂದು ಪ್ರಶ್ನಾರ್ಥಕದ ಗುರುತು ಕಂಡು ಅಷ್ಟಕ್ಕೇ ಮುಗಿಯುತ್ತದೆ. ಫೀಡಿನಲ್ಲಿ ಹಾಗಾಗದು: ಎಕ್ಸ್‌ಎಂಎಲ್ ನಿಯಮ ಕಟ್ಟುನಿಟ್ಟಾದುದರಿಂದ, ಮುರಿದ ಒಂದೇ ಒಂದು ಸಂಕೇತವಿದ್ದರೂ ಅದನ್ನು ಓದುವ ತಂತ್ರಾಂಶ ಇಡೀ ಕಡತವನ್ನು ದೋಷಪೂರಿತವೆಂದು ತಿರಸ್ಕರಿಸಬಹುದು, ಮತ್ತು ಒಂದು ಬರಹದ ದೆಸೆಯಿಂದ ಎಲ್ಲ ಬರಹಗಳೂ ನಿಲ್ಲುತ್ತವೆ. ಸಂಕೇತಗಳನ್ನು ಎಣಿಸಿ ಕತ್ತರಿಸಿದರೆ ಕಡತ ಉಳಿಯುತ್ತದೆ, ಆದರೆ ‘ಚಿಕ್ಕಮಗಳೂರು’ ಎಂಬುದು ‘ಚಿಕ್’ ಎಂದು ನಿಲ್ಲಬಹುದು. ಪದದ ಗಡಿಯಲ್ಲಿ, ಸಾಧ್ಯವಾದರೆ ವಾಕ್ಯದ ಗಡಿಯಲ್ಲಿ ಕತ್ತರಿಸುವುದೊಂದೇ ಸರಿಯಾದ ದಾರಿ. ಅದಕ್ಕಿಂತಲೂ ಒಳ್ಳೆಯದೆಂದರೆ ಪ್ರತಿ ಬರಹಕ್ಕೂ ಎರಡು ವಾಕ್ಯದ ಸಾರಾಂಶವನ್ನು ಬರೆದವರೇ ಬರೆದುಕೊಡುವುದು. ವರ್ಡ್‌ಪ್ರೆಸ್ ತಾನಾಗಿ ಮಾಡುವ ಸಾರಾಂಶ 55 ಪದಗಳದು. ವಿಭಕ್ತಿ, ಸಂಧಿ, ಸಮಾಸಗಳಿಂದ ಪದಗಳು ಉದ್ದವಾಗುವ ಕನ್ನಡದಲ್ಲಿ ಅದು ಸಾರಾಂಶದ ಮಿತಿಯನ್ನು ಮೀರಿ ಬೆಳೆಯುತ್ತದೆ.

ಮೂರನೆಯದು ಚಿಕ್ಕದು. ಸಂಸ್ಥೆಯ ಹೆಸರಿನಲ್ಲಿ ‘ಮತ್ತು’ ಎಂಬುದಕ್ಕೆ ಬಳಸುವ & ಚಿಹ್ನೆ ಇದ್ದರೆ ಅದನ್ನು ಎಕ್ಸ್‌ಎಂಎಲ್‌ನಲ್ಲಿ ನೇರವಾಗಿ ಬರೆಯುವಂತಿಲ್ಲ, ಅದಕ್ಕೆಂದೇ ಇರುವ ಸಂಕೇತರೂಪದಲ್ಲಿ ಬರೆಯಬೇಕು; ‘ಅಂಡ್ ಸನ್ಸ್’, ‘ಅಂಡ್ ಕೋ’ ಎಂದು ಮುಗಿಯುವ ಸಂಸ್ಥೆಗಳ ಫೀಡು ಕೈಕೊಡುವುದಕ್ಕೆ ಇದೊಂದೇ ಕಾರಣ ಸಾಕಾಗುತ್ತದೆ. ಜಾಗತಿಕ ಜಾಲ ಒಕ್ಕೂಟವಾದ ಡಬ್ಲ್ಯು3ಸಿ ಉಚಿತವಾಗಿ ನಡೆಸುವ ಫೀಡ್ ಪರೀಕ್ಷಾ ಸೇವೆಗೆ ಫೀಡಿನ ವಿಳಾಸವನ್ನು ಕೊಟ್ಟರೆ ಇಂಥ ದೋಷಗಳು ಯಾವ ಸಾಲಿನಲ್ಲಿವೆ ಎಂದು ಅದು ತೋರಿಸುತ್ತದೆ.

ಸರಕುಗಳ ಫೀಡ್

ಬರಹದ ಬದಲು ಮಾರಾಟದ ಸರಕುಗಳನ್ನೇ ಬಾಬ್ತುಗಳಾಗಿ ಜೋಡಿಸಿದರೆ ಅದು ಸರಕುಗಳ ಫೀಡ್ ಆಗುತ್ತದೆ. ಗೂಗಲ್ ಮರ್ಚೆಂಟ್ ಸೆಂಟರ್ ಇದನ್ನು ಆರ್‌ಎಸ್‌ಎಸ್ 2.0 ರೂಪದಲ್ಲೇ, ತನ್ನದಾದ ಕೆಲವು ಹೆಚ್ಚುವರಿ ಹೆಸರಪಟ್ಟಿಗಳೊಂದಿಗೆ ಸ್ವೀಕರಿಸುತ್ತದೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನ ಸರಕು ಪಟ್ಟಿಗೂ ಇಂಥ ಕಡತವನ್ನು ಕೊಡಬಹುದು. ಸರಕಿನ ಗುರುತು, ಹೆಸರು, ವಿವರ, ಕೊಂಡಿ, ಚಿತ್ರದ ವಿಳಾಸ, ಬೆಲೆ, ದಾಸ್ತಾನು ಇದೆಯೇ ಇಲ್ಲವೇ ಎಂಬುದು ಇದರ ಮುಖ್ಯ ಅಂಶಗಳು. ಬಾರ್‌ಕೋಡ್ ಇರುವ ಪೊಟ್ಟಣಗಳಿಗೆ ಅದರ ಸಂಖ್ಯೆಯನ್ನೂ ಕೊಡಬೇಕಾಗುತ್ತದೆ; ಜಿಎಸ್1 ಇಂಡಿಯಾದ ಮೂಲಕ ಪಡೆದ ಸಂಖ್ಯೆಗಳು 890ರಿಂದ ಆರಂಭವಾಗುತ್ತವೆ.

ಕಾಲು ಕಿಲೋ, ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣಗಳು ಮೂರು ಬೇರೆ ಬಾಬ್ತುಗಳೆಂದು ಎಣಿಸಬೇಕು. ಫೀಡಿನಲ್ಲಿ ಒಂದು ಬೆಲೆ, ಪುಟದಲ್ಲಿ ಇನ್ನೊಂದು ಬೆಲೆ ಇದ್ದರೆ ಮರ್ಚೆಂಟ್ ಸೆಂಟರ್ ಆ ಸರಕನ್ನು ತಡೆಹಿಡಿಯುತ್ತದೆ, ಆದ್ದರಿಂದ ಫೀಡನ್ನು ಕೈಯಿಂದ ಬರೆಯದೆ, ಅಂಗಡಿಯ ದಾಸ್ತಾನು ತಂತ್ರಾಂಶದಿಂದಲೇ ಹೊರಡುವಂತೆ ಮಾಡುವುದು ಮೇಲು. ಕಾಫಿಯ ಬೆಲೆ ನ್ಯೂಯಾರ್ಕಿನ ಅರೇಬಿಕಾ, ಲಂಡನ್ನಿನ ರೊಬಸ್ಟಾ ವಾಯಿದಾ ವಹಿವಾಟಿಗೆ ಅಂಟಿಕೊಂಡು ಏರಿಳಿಯುವುದರಿಂದ, ಪುಡಿಯ ಬೆಲೆಯನ್ನು ಪದೇ ಪದೇ ಬದಲಿಸಬೇಕಾಗುವ ಸಂಸ್ಥೆಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಆ ಹೆಸರುಗಳನ್ನು ಬಳಸುವ ಹಕ್ಕಿರುವವರು ಸರಕಿನ ಹೆಸರಿನಲ್ಲೇ ಅದನ್ನು ಕಾಣಿಸಬೇಕು, ಹಕ್ಕಿಲ್ಲದವರು ಹುಡುಕುವವರ ಕಣ್ಣಿಗೆ ಬೀಳಲೆಂದು ಅದನ್ನು ಸೇರಿಸಬಾರದು.

ತರುವ ಫೀಡ್

ಬೇರೆಯವರ ಫೀಡನ್ನು ತಂದು ತೋರಿಸುವ ಮೊದಲು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಹಕ್ಕಿನದು. ಫೀಡ್ ಎಲ್ಲರಿಗೂ ತೆರೆದಿದೆ ಎಂದ ಮಾತ್ರಕ್ಕೆ ಅದರೊಳಗಿನ ಬರಹವನ್ನು ಯಾರು ಬೇಕಾದರೂ ಮರುಪ್ರಕಟಿಸಬಹುದು ಎಂದಾಗುವುದಿಲ್ಲ. ಓದಲೆಂದು ಕೊಟ್ಟದ್ದು ಬೇರೆ, ವ್ಯಾಪಾರದ ಪುಟದಲ್ಲಿ ಮತ್ತೆ ಅಚ್ಚಿಸಲೆಂದು ಕೊಟ್ಟದ್ದು ಬೇರೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಪ್ರಕರಣ ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಮೊದಲಾದವಕ್ಕೆ ನ್ಯಾಯಯುತ ಬಳಕೆಯ ವಿನಾಯಿತಿ ಕೊಡುತ್ತದೆಯೇ ಹೊರತು, ಮುಖಪುಟ ತುಂಬಿಸುವ ಅಗತ್ಯಕ್ಕೆ ಕೊಡುವುದಿಲ್ಲ. ಶೀರ್ಷಿಕೆ ಮತ್ತು ಮೊದಲ ಸಾಲನ್ನಷ್ಟೇ ತೋರಿಸಿದರೂ ವ್ಯಾಜ್ಯ ಬಂದದ್ದುಂಟು. ಫ್ರಾನ್ಸಿನ ಸುದ್ದಿಸಂಸ್ಥೆ ಎಎಫ್‌ಪಿ 2005ರಲ್ಲಿ ಗೂಗಲ್ ನ್ಯೂಸ್ ವಿರುದ್ಧ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು, ಅದು 2007ರಲ್ಲಿ ರಾಜಿಯಾಯಿತು. ಮಸಾಚುಸೆಟ್ಸ್‌ನ ಸ್ಥಳೀಯ ಪತ್ರಿಕೆಗಳ ಒಡೆತನವಿದ್ದ ಗೇಟ್‌ಹೌಸ್ ಮೀಡಿಯಾ, ತನ್ನ ಸುದ್ದಿಗಳ ಶೀರ್ಷಿಕೆ ಮತ್ತು ಮೊದಲ ವಾಕ್ಯಗಳನ್ನು ಬಾಸ್ಟನ್ ನಗರದ ಜಾಲತಾಣವೊಂದು ಎತ್ತಿ ಹಾಕುತ್ತಿದೆಯೆಂದು ಅದರ ಒಡೆತನ ಹೊಂದಿದ್ದ ನ್ಯೂಯಾರ್ಕ್ ಟೈಮ್ಸ್ ಕಂಪನಿಯ ವಿರುದ್ಧ 2008ರ ಡಿಸೆಂಬರ್‌ನಲ್ಲಿ ದಾವೆ ಹೂಡಿದಾಗ, ಮರು ತಿಂಗಳೇ ರಾಜಿಯಾಗಿ ಅವನ್ನು ತೆಗೆದುಹಾಕಲು ಪ್ರತಿವಾದಿ ಒಪ್ಪಬೇಕಾಯಿತು. ದೊಡ್ಡ ಕಂಪನಿಗಳಿಗೇ ಇದು ಸುಲಭವಾಗಿರಲಿಲ್ಲವೆಂದ ಮೇಲೆ ಸಣ್ಣ ಸಂಸ್ಥೆಗಳು ಫೀಡಿನ ಒಡೆಯರ ಬಳಕೆಯ ನಿಯಮಗಳನ್ನು ಓದಿ, ಅಲ್ಲಿ ಏನೂ ಹೇಳಿಲ್ಲವಾದರೆ ಪತ್ರ ಬರೆದು ಅನುಮತಿ ಪಡೆಯುವುದು ಉಚಿತ.

ಶೋಧಯಂತ್ರದ ದೃಷ್ಟಿಯಿಂದಲೂ ಎರವಲು ಬರಹ ಲಾಭ ತರುವುದಿಲ್ಲ. ಬೇರೆ ತಾಣಗಳ ಫೀಡನ್ನು, ಓದುಗರಿಗೆ ತನ್ನದಾದ ಯಾವ ಪ್ರಯೋಜನವನ್ನೂ ಕೂಡಿಸದೆ ಮರುಮುದ್ರಿಸುವ ತಾಣಗಳನ್ನು ಗೂಗಲ್ ತನ್ನ ನಿಯಮಾವಳಿಯಲ್ಲಿ ಸ್ಪ್ಯಾಮ್ ಗುಂಪಿಗೆ ಸೇರಿಸಿದೆ. ಪುಟದ ಮುಖ್ಯ ಬರಹ ಸಂಸ್ಥೆಯದೇ ಆಗಿದ್ದು ಪಕ್ಕದಲ್ಲಿ ಐದಾರು ಶೀರ್ಷಿಕೆಗಳಷ್ಟೇ ಹೊರಗಿನವಾದರೆ ಚಿಂತೆಯಿಲ್ಲ.

ಹಾಗಾದರೆ ತರಬಹುದಾದುದು ಯಾವುದು? ಗಿರಾಕಿ ಆ ಪುಟಕ್ಕೆ ಬಂದ ಉದ್ದೇಶಕ್ಕೆ ನೇರವಾಗಿ ನೆರವಾಗುವ, ಅಧಿಕೃತ ಮೂಲದ, ಬಳಕೆಗೆ ಅವಕಾಶವಿರುವ ಮಾಹಿತಿ. ಲೆಕ್ಕಪರಿಶೋಧಕರ ಕಚೇರಿಗೆ ರಿಸರ್ವ್ ಬ್ಯಾಂಕ್ ತಾನೇ ಒದಗಿಸುವ ಅಧಿಸೂಚನೆಗಳ ಫೀಡ್ ಇಂಥದು. ಅಡಿಕೆ ಮಂಡಿಯೊಂದರ ತಾಣಕ್ಕೆ ಮಾರುಕಟ್ಟೆ ಧಾರಣೆಯಷ್ಟು ಪ್ರಯೋಜನದ ಸಂಗತಿ ಬೇರೆ ಇಲ್ಲ. ದೇಶದ ಕೃಷಿ ಮಾರುಕಟ್ಟೆಗಳ ದೈನಂದಿನ ಬೆಲೆಯನ್ನು ಸರ್ಕಾರದ ಮುಕ್ತ ದತ್ತಾಂಶ ತಾಣವು ತಂತ್ರಾಂಶಗಳು ಕೇಳಿ ಪಡೆಯಬಲ್ಲ ರೂಪದಲ್ಲಿ ಕೊಡುತ್ತದೆ. ಇದು ಆರ್‌ಎಸ್‌ಎಸ್ ಅಲ್ಲದಿದ್ದರೂ ಕೆಲಸದ ಬಗೆ ಅದೇ. 2017ರಲ್ಲಿ ಪ್ರಕಟವಾದ ಭಾರತ ಸರ್ಕಾರದ ಮುಕ್ತ ದತ್ತಾಂಶ ಪರವಾನಗಿ ಇದರ ಮರುಬಳಕೆಗೆ ಅವಕಾಶ ಕೊಡುತ್ತದೆ, ಮೂಲವನ್ನು ಹೆಸರಿಸಬೇಕು ಎಂಬ ಷರತ್ತಿನೊಂದಿಗೆ.

ಈ ಧಾರಣೆಯನ್ನು ತೋರಿಸುವ ರೀತಿಯಲ್ಲಿಯೇ ಸಂಸ್ಥೆಯ ತಿಳಿವಳಿಕೆ ಗೊತ್ತಾಗುತ್ತದೆ. ಶಿವಮೊಗ್ಗದ ಅಡಿಕೆಗೆ ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬೇರೆ ಬೇರೆ ಬಗೆಗಳಿದ್ದು ಅವುಗಳ ಬೆಲೆಗಳ ನಡುವೆ ಭಾರಿ ಅಂತರವಿರುವಾಗ, ಬಗೆಯನ್ನು ಹೇಳದೆ ‘ಅಡಿಕೆ ಧಾರಣೆ’ ಎಂದು ಒಂದೇ ಅಂಕಿಯನ್ನು ಹಾಕಿದರೆ ಬೆಳೆಗಾರರಿಗೆ ಅದರಿಂದ ಉಪಯೋಗವಿಲ್ಲ. ಪ್ರತಿ ಬಗೆಗೂ ಕ್ವಿಂಟಾಲಿಗೆ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಬೆಲೆ ಬರುತ್ತದೆ. ಮಾದರಿ ಬೆಲೆಯೆಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ಬೆಲೆ, ಸರಾಸರಿಯಲ್ಲ. ಗರಿಷ್ಠವನ್ನು ಮಾತ್ರ ದಪ್ಪಕ್ಷರದಲ್ಲಿ ತೋರಿಸುವುದು ಗಿರಾಕಿಯನ್ನು ತಪ್ಪುದಾರಿಗೆ ಎಳೆದಂತೆ. ಭಾನುವಾರ ಅಥವಾ ಹಬ್ಬದ ದಿನ ಹೊಸ ಅಂಕಿ ಬರದಿದ್ದಾಗ ಹಿಂದಿನ ಅಂಕಿಯೇ ಉಳಿಯುವುದರಿಂದ, ಬೆಲೆಯ ಪಕ್ಕದಲ್ಲಿ ಮಾರುಕಟ್ಟೆ ನಡೆದ ದಿನಾಂಕ ಇರಲೇಬೇಕು.

ಫೀಡ್ ಇಲ್ಲದ ಕಡೆಯಿಂದ ಮಾಹಿತಿಯನ್ನು ಕಿತ್ತು ತರುವ ತಂತ್ರಾಂಶಗಳಿವೆ. ಅವು ಪುಟದ ವಿನ್ಯಾಸವನ್ನು ನಂಬಿ ಕೆಲಸ ಮಾಡುವುದರಿಂದ, ಮೂಲದವರು ಒಂದು ಕಂಬಸಾಲನ್ನು ಅದಲುಬದಲು ಮಾಡಿದರೂ ರೊಬಸ್ಟಾ ಚೆರ್ರಿಯ ಬೆಲೆ ಅರೇಬಿಕಾ ಪಾರ್ಚ್‌ಮೆಂಟಿನ ಜಾಗದಲ್ಲಿ ಬಂದು ಕೂರುತ್ತದೆ. ಕಾಫಿ ಮಂಡಳಿಯ ದೈನಂದಿನ ಮಾರುಕಟ್ಟೆ ವರದಿಯನ್ನು ನೋಡಿ ಸಿಬ್ಬಂದಿಯೊಬ್ಬರು ದಿನಕ್ಕೊಮ್ಮೆ ನಾಲ್ಕು ಅಂಕಿ ತುಂಬುವುದು ಇದಕ್ಕಿಂತ ಎಷ್ಟೋ ಪಾಲು ಸುರಕ್ಷಿತ.

‘ಕಾಫಿ’ ಎಂಬ ಪದವಿರುವ ಎಲ್ಲ ಸುದ್ದಿಯನ್ನೂ ತರುವ ಫೀಡನ್ನು ಹಾಕುವ ಆಸೆ ಅನೇಕರಿಗೆ ಬರುತ್ತದೆ. ಹಾಗೆ ತಂದರೆ ಪ್ರತಿಸ್ಪರ್ಧಿಯ ರಿಯಾಯಿತಿ ಮಾರಾಟದ ಸುದ್ದಿಯೂ, ಕಾಫಿ ತೋಟದಲ್ಲಿ ಕಾಡಾನೆ ದಾಳಿಗೆ ಕಾರ್ಮಿಕರು ಸತ್ತ ಸುದ್ದಿಯೂ ‘ಇಂದೇ ಕೊಳ್ಳಿ’ ಎಂಬ ಗುಂಡಿಯ ಪಕ್ಕದಲ್ಲಿ ಬಂದು ನಿಲ್ಲುತ್ತವೆ. ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ಸತ್ತವರ ಮನೆಯವರೂ ಅದನ್ನು ಓದುವ ಊರಿನಲ್ಲೇ ಸಂಸ್ಥೆ ವ್ಯಾಪಾರ ಮಾಡುತ್ತಿರುತ್ತದೆ. ಯಂತ್ರ ಆರಿಸಿದ್ದನ್ನು ಒಬ್ಬ ಮನುಷ್ಯ ನೋಡಿ ಒಪ್ಪಿದ ಮೇಲಷ್ಟೇ ಪುಟಕ್ಕೆ ಬಿಡುವ ವ್ಯವಸ್ಥೆ ಇಲ್ಲದಿದ್ದರೆ, ಪದವನ್ನು ಹುಡುಕಿ ತರುವ ಫೀಡನ್ನು ವ್ಯಾಪಾರದ ಪುಟದಲ್ಲಿ ಹಾಕಬಾರದು.

ಜೋಡಣೆ ಮತ್ತು ರಕ್ಷಣೆ

ತರುವ ಫೀಡನ್ನು ಪ್ರತಿ ಓದುಗರಿಗಾಗಿ ಪ್ರತಿ ಸಲವೂ ಮೂಲದಿಂದ ತರಿಸಿದರೆ ಪುಟ ನಿಧಾನವಾಗುತ್ತದೆ, ಮೂಲದವರ ಸರ್ವರ್‌ಗೂ ಹೊರೆ. ಸಂಸ್ಥೆಯ ಸರ್ವರ್ ಗೊತ್ತಾದ ಅಂತರದಲ್ಲಿ ಒಮ್ಮೆ ತಂದು, ತನ್ನಲ್ಲಿ ಇರಿಸಿಕೊಂಡು, ಅದನ್ನೇ ಎಲ್ಲರಿಗೂ ತೋರಿಸಬೇಕು. ಈ ಇರಿಸುವಿಕೆಗೆ ಕ್ಯಾಶ್ ಎನ್ನುತ್ತಾರೆ. ಹೊರಗಿನ ಫೀಡನ್ನು ತರುವ ವರ್ಡ್‌ಪ್ರೆಸ್‌ನ ಸೌಲಭ್ಯ ಮೊದಲಿನಿಂದಲೇ 12 ಗಂಟೆಯ ಕ್ಯಾಶ್ ಇಟ್ಟುಕೊಂಡಿರುತ್ತದೆ. ಅಧಿಸೂಚನೆಗಳಿಗೆ ಅದು ಸಾಕು, ಧಾರಣೆಗೆ ಗಂಟೆಗೊಮ್ಮೆ ಎಂದು ಬದಲಿಸಿಕೊಳ್ಳಬಹುದು. ‘ಕಳೆದ ಬಾರಿಯ ನಂತರ ಬದಲಾಗಿದ್ದರೆ ಮಾತ್ರ ಕೊಡು’ ಎಂದು ಕೇಳುವ ಸೌಲಭ್ಯವೂ ಇದೆ; ಬದಲಾವಣೆ ಇಲ್ಲದಿದ್ದರೆ ಮೂಲದ ಸರ್ವರ್ 304 ಎಂಬ ಸಂಕೇತವನ್ನಷ್ಟೇ ಕಳಿಸಿ ಸುಮ್ಮನಾಗುತ್ತದೆ, ಕಡತ ಸಾಗುವುದಿಲ್ಲ. ಮೂಲ ಸಿಗದಿದ್ದಾಗ ಹಿಂದೆ ತಂದದ್ದನ್ನು ದಿನಾಂಕದೊಡನೆ ತೋರಿಸಬೇಕು ಅಥವಾ ಆ ಚೌಕವನ್ನೇ ಮರೆಮಾಡಬೇಕು. ದೋಷದ ಸಂದೇಶ ಗಿರಾಕಿಗೆ ಕಾಣುವಂತಾಗಬಾರದು.

ಹೊರಗಿನಿಂದ ಬರುವ ಫೀಡಿನಲ್ಲಿ ಪಠ್ಯದ ಜೊತೆಗೆ ಚಾಲಕ ಸಂಕೇತಗಳೂ ಅಡಗಿರಬಹುದು. ಅವನ್ನು ಹಾಗೆಯೇ ಪುಟದಲ್ಲಿ ಸೇರಿಸಿದರೆ ಗಿರಾಕಿಯ ಬ್ರೌಸರ್‌ನಲ್ಲಿ ಸಂಸ್ಥೆಯ ಹೆಸರಿನಲ್ಲೇ ಪರರ ಸಂಕೇತ ನಡೆಯುತ್ತದೆ. ಆದ್ದರಿಂದ ಶೀರ್ಷಿಕೆ, ದಿನಾಂಕ, ಕೊಂಡಿಗಳನ್ನು ಬರಿಯ ಪಠ್ಯವಾಗಿ ತೆಗೆದುಕೊಂಡು ಉಳಿದದ್ದನ್ನು ಬಿಡುವುದು ಸುರಕ್ಷಿತ. ಮೂಲ ತಾಣದ ನೋಂದಣಿ ಮುಗಿದು, ಆ ವಿಳಾಸವನ್ನು ಬೇರೆ ಯಾರೋ ಕೊಂಡು ಜೂಜಿನ ಜಾಹೀರಾತನ್ನು ಅದೇ ಫೀಡಿನಲ್ಲಿ ಹರಿಬಿಡುವ ಸಾಧ್ಯತೆಯೂ ಇರುವುದರಿಂದ, ತರುವ ಪ್ರತಿ ಫೀಡಿಗೂ ಸಂಸ್ಥೆಯಲ್ಲಿ ಹೊಣೆಗಾರರೊಬ್ಬರ ಹೆಸರಿರಬೇಕು, ತಿಂಗಳಿಗೊಮ್ಮೆಯಾದರೂ ಅವರು ಅದನ್ನು ತೆರೆದು ನೋಡಬೇಕು.

ಫೀಡನ್ನು ಮೂರನೆಯವರ ಸೇವೆಯ ವಿಳಾಸದಿಂದ ಹೊರಡಿಸುವುದೂ ಅಪಾಯಕರ. ಫೀಡುಗಳನ್ನು ಬೆರೆಸಿ ಸೋಸಿ ಕೊಡುತ್ತಿದ್ದ ಯಾಹೂ ಪೈಪ್ಸ್ 2015ರಲ್ಲಿ ಮುಚ್ಚಿತು. 2007ರಲ್ಲಿ ಗೂಗಲ್ ಕೊಂಡ ಫೀಡ್‌ಬರ್ನರ್ 2021ರಲ್ಲಿ ಇ-ಮೇಲ್ ಚಂದಾ ಸೇವೆಯನ್ನು ಕೈಬಿಟ್ಟಾಗ, ಅದನ್ನೇ ನಂಬಿದ್ದ ತಾಣಗಳು ತಮ್ಮ ಚಂದಾದಾರರ ಪಟ್ಟಿಯನ್ನು ಇಳಿಸಿಕೊಂಡು ಬೇರೆ ಸೇವೆಗೆ ಒಯ್ಯಬೇಕಾಯಿತು. ಫೀಡಿನ ವಿಳಾಸ ಸಂಸ್ಥೆಯ ಸ್ವಂತ ಡೊಮೈನಿನಲ್ಲೇ ಇದ್ದರೆ, ಒಳಗಿನ ಸೇವೆ ಯಾವುದಕ್ಕೆ ಬದಲಾದರೂ ಚಂದಾದಾರರಿಗೆ ತಿಳಿಯುವ ಅಗತ್ಯವೇ ಬರುವುದಿಲ್ಲ. ವಿಳಾಸವನ್ನು ಬದಲಿಸಲೇಬೇಕಾದಾಗ ಹಳೆಯದರಿಂದ ಹೊಸದಕ್ಕೆ 301 ಎಂಬ ಶಾಶ್ವತ ವರ್ಗಾವಣೆಯ ಸಂಕೇತ ಕೊಡಬೇಕು, ಕನಿಷ್ಠ ಒಂದು ವರ್ಷವಾದರೂ ಅದನ್ನು ಉಳಿಸಬೇಕು. ಫೀಡನ್ನು ನಿಲ್ಲಿಸುವುದೇ ಆದರೆ, ನಿಲ್ಲಿಸುತ್ತಿರುವುದಾಗಿಯೂ ಮುಂದೆ ಸುದ್ದಿ ಎಲ್ಲಿ ಸಿಗುವುದೆಂದೂ ತಿಳಿಸುವ ಕೊನೆಯ ಬಾಬ್ತನ್ನು ಪ್ರಕಟಿಸಿ, ಕೆಲವು ವಾರಗಳ ನಂತರ ಆ ವಿಳಾಸಕ್ಕೆ 410 ಎಂಬ, ಇನ್ನಿಲ್ಲವೆಂಬ ಉತ್ತರವನ್ನು ಇರಿಸಬೇಕು. ಆ ಸಂಕೇತವನ್ನು ಕಂಡ ತಂತ್ರಾಂಶಗಳು ವಿಳಾಸವನ್ನು ತಮ್ಮ ಪಟ್ಟಿಯಿಂದ ತೆಗೆಯಬಹುದು, ಹಾಗೆ ಬರಿದೆ ಬಂದು ಹೋಗುವುದು ತಪ್ಪುತ್ತದೆ.